ದೇವರ ಪಕ್ಷವಾಗಿ ಸುಳ್ಳಾಡಬಹುದೋ?



ಕಳೆದ ಜನವರಿ ತಿಂಗಳಲ್ಲಿ ನಾವು ಸಭೆಗಳನ್ನು ಸಂದರ್ಶಿಸುವದಕ್ಕಾಗಿ ಆಳಂದ ತಾಲೂಕಿನ ಖಜೂರಿಯ ಕಡೆಗೆ ಹೋಗಿದ್ದೆವು. ಸಾಯಂಕಾಲದ ಆರಾಧನೆಯು ತೀರಿದ ಮೇಲೆ ಒಬ್ಬ ಸಹೋದರನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ಮನೆಯೊಳಗಿಂದ ತಂದು ನಮ್ಮ ಮುಂದೆ ಬಿಚ್ಚಿದನು. ಅದರಲ್ಲಿ ಎರಡು ಗೇಣುದ್ದದ ಕರಿಯ ಕಲ್ಲು ಇತ್ತು. ಆತನು ತನ್ನ ಎರೆಹೊಲದಲ್ಲಿ ಬಾವಿಯನ್ನು ತೋಡಿಸುವಾಗ, ಎರೆಮಣ್ಣೂ ಗರಸೂ ಮುಗಿದು ಗಟ್ಟಿ ಬಂಡೆ ಹತ್ತಿದ ಬಳಿಕ, ಮದ್ದು ಹಾಕಿ ಒಡೆದ ಕಲ್ಲುಗಳಲ್ಲಿ ಅದು ಸಿಕ್ಕಿತಂತೆ. ಒಡೆದ ಮೈಯಲ್ಲಿ ಉದ್ದಕ್ಕೆ ಒಂದು ಬಿಳಿಯ ಗೆರೆ. ಆ ಗೆರೆಯ ಎರಡು ಪಕ್ಕಗಳಿಂದಲೂ ಸೂಜಿಯಂಥ ಬಿಳಿಯ ಎಳೆಗಳು ಒತ್ತೊತ್ತಾಗಿ ಹೊರಟಿದ್ದವು. ದೀಪದ ಬೆಳಕಿನಲ್ಲಿ ಯಾವನು ನೋಡಿದರೂ ಇದು ಮೀನಿನ ಬೆನ್ನೆಲುಬು ಅನ್ನುವನು.

ನೆರೆಮನೆಯ ಹುಡುಗನೊಬ್ಬನು ಕಲಬುರಗಿಯಲ್ಲಿ ಓದುತ್ತಿರುವವನು. ಪೂರ್ವಕಾಲದ ಸಮುದ್ರಮೃಗಗಳ ಚಿತ್ರಗಳನ್ನು ಅವನು ಪುಸ್ತಕದಲ್ಲಿ ನೋಡಿದ್ದನು. ಇದು ಅಂಥದೇ ಒಂದು ಮೃಗದ ಎಲುಬೆಂದು ಅವನು ಹೇಳಿದನು. ಆ ಮಾತನ್ನು ಕೇಳಿದ ಉಪದೇಶಿಯವರಿಗೆ ಬಹಳ ಸಂತೋಷವಾಯಿತು. ಖಜೂರಿಗೂ ಸಮುದ್ರಕ್ಕೂ ನಡುವೆ ಎಷ್ಟು ದೂರ! ಇಂಥ ಊರಿನ ಬಾವಿಯಲ್ಲಿ ಸಮುದ್ರದ ಮೃಗವು ಹೇಗೆ ಬಂತು? ನೋಹನ ಕಾಲದ ಜಲಪ್ರಲಯದಿಂದಲೇ ಬಂದಿರಬೇಕು. ಮಾರ್ಚ್ ತಿಂಗಳಲ್ಲಿ ಜೋಳದ ರಾಶಿಗಳಾದ ಮೇಲೆ ನಡೆಯುವ ಸುಗ್ಗಿಯ ಸ್ತೋತ್ರಾರಾಧನೆಯ ದಿವಸ ಈ ಕಲ್ಲನ್ನು ಮೇಜಿನ ಮೇಲೆ ಇಡೋಣ, ಸುತ್ತಲಿನ ಹಳ್ಳಿಗಳವರನ್ನೂ ಕರೆಯೋಣ, ಸತ್ಯವೇದವು ನಿಜವೆಂಬದಕ್ಕೆ ನಿಮ್ಮ ಹೊಲದ ಕಲ್ಲೇ ಸಾಕ್ಷಿಯೆಂದು ಸಾರೋಣ ಎಂದು ಅವರು ಉತ್ಸಾಹದಿಂದ ಹೇಳಿ, “ಅಯ್ಯನವರೇ, ತಾವೇನು ಹೇಳುತ್ತೀರಿ?” ಎಂದು ನಮ್ಮನ್ನು ಕೇಳಿದರು.

ನಾವು “ಇರಬಹುದು” ಅಂದೆವು.

ಆ ಒಂದು ಮಾತಿನ ನಿಮಿತ್ತವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ. ಯಾಕಂದರೆ ನಾವು ಪಳೆಯುಳಿಕೆಗಳ ವಿಷಯವಾಗಿ ಕೆಲವು ಗ್ರಂಥಗಳನ್ನು ಓದಿದವರು; ರಜೆಯ ದಿವಸಗಳಲ್ಲಿ ಹಳ್ಳಕೊಳ್ಳಗಳಲ್ಲಿ ಕಲ್ಲುಗಳನ್ನು ಆರಿಸುತ್ತಾ ತಿರುಗುವ ಅಭ್ಯಾಸವೂ ನಮಗುಂಟು. ಆ ಕಲ್ಲನ್ನು ಕೈಯಲ್ಲಿ ಹಿಡಿದ ಕೂಡಲೇ ಅದು ಎಲುಬಲ್ಲವೆಂಬ ಸಂದೇಹವು ನಮ್ಮ ಮನಸ್ಸಿನಲ್ಲಿ ಎದ್ದಿತು. ಆದರೆ ಅಂಗಳದಲ್ಲಿ ಕೂತಿದ್ದವರ ಮುಖಗಳು ಬೆಳಗಿದ್ದವು. ಅವುಗಳನ್ನು ಬಾಡಿಸುವದಕ್ಕೆ ಮನಸ್ಸಾಗಲಿಲ್ಲ. ದೇವರ ನಾಮಕ್ಕೆ ಮಹಿಮೆಯಾಗುವದಾದರೆ ನಾವು ಯಾಕೆ ಅಡ್ಡಿಮಾಡಬೇಕು ಎಂದು ನಮಗೆ ನಾವೇ ಹೇಳಿಕೊಂಡೆವು. ಮರುದಿವಸ ಬಸ್ಸಿನಲ್ಲಿ ಆಳಂದಕ್ಕೆ ಹಿಂದಿರುಗುವಾಗ ಯೋಬನ ಗ್ರಂಥದ 13ನೆಯ ಅಧ್ಯಾಯವು ನೆನಪಿಗೆ ಬಂತು. ಅಲ್ಲಿ ಯೋಬನು ತನ್ನ ಸ್ನೇಹಿತರನ್ನು ನೋಡಿ, ನೀವು ದೇವರಿಗೋಸ್ಕರ ಅನ್ಯಾಯವಾದ ಮಾತುಗಳನ್ನಾಡುವಿರೋ, ಆತನ ಪಕ್ಷವನ್ನು ಹಿಡಿದು ಮೋಸದಿಂದ ವಾದಿಸುವಿರೋ ಎಂಬ ಅರ್ಥದಲ್ಲಿ ಕೇಳುತ್ತಾನೆ. ಆ ಸ್ನೇಹಿತರು ದೇವರನ್ನು ದೂಷಿಸಿದವರಲ್ಲ. ದೇವರ ಪರವಾಗಿಯೇ ಮಾತಾಡಿದವರು. ಆದಾಗ್ಯೂ ಗ್ರಂಥದ ಕೊನೆಯಲ್ಲಿ ಕರ್ತನ ಕೋಪವು ಯೋಬನ ಮೇಲೆ ಬೀಳದೆ ಅವರ ಮೇಲೆಯೇ ಬಿತ್ತು.

ಮೊದಲು, ಆ ಹುಡುಗನು ನೋಡಿದ ಚಿತ್ರದ ಮೃಗಗಳು ಎಂಥವುಗಳೆಂಬದನ್ನು ಹೇಳೋಣ. ಅವು ಕಟ್ಟುಕಥೆಯಲ್ಲ. ಹಲ್ಲಿ, ಉಡ, ಮೊಸಳೆಗಳಂತೆ ಶ್ವಾಸಕೋಶದಿಂದ ಉಸಿರಾಡುವ ಸರೀಸೃಪಗಳಲ್ಲಿ ಕೆಲವು ಕುಲಗಳು ಬಹು ಪೂರ್ವಕಾಲದಲ್ಲಿ ಸಮುದ್ರದಲ್ಲೇ ವಾಸಮಾಡಿದವು. ಇಕ್ತಿಯೋಸಾರ್ ಎಂಬದು ಮೀನಿನ ಆಕಾರದ್ದು. ಉದ್ದವಾದ ಮೂತಿ, ತಟ್ಟೆಯಷ್ಟು ದೊಡ್ಡ ಕಣ್ಣು, ಆ ಕಣ್ಣಿನ ಸುತ್ತ ಎಲುಬಿನ ಬಳೆ. ಅದು ಮೊಟ್ಟೆಯಿಡುತ್ತಿರಲಿಲ್ಲ, ನೀರಿನಲ್ಲೇ ಮರಿಹಾಕುತ್ತಿತ್ತು. ತಾಯಿಯ ಹೊಟ್ಟೆಯೊಳಗೆ ಮರಿಗಳ ಎಲುಬುಗಳಿರುವ ಕಲ್ಲುಗಳು ಸಿಕ್ಕಿವೆ. ಪ್ಲೀಸಿಯೋಸಾರ್ ಎಂಬದಕ್ಕೆ ಹಾವಿನಂಥ ನೀಳವಾದ ಕೊರಳು, ಅಗಲವಾದ ಮೈ, ಹುಟ್ಟುಗಳಂಥ ನಾಲ್ಕು ಕಾಲುಗಳು. ಇಕ್ತಿಯೋಸಾರುಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ, ಪ್ಲೀಸಿಯೋಸಾರುಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಿಶ್ಶೇಷವಾದವು. ಇದು ಭೂಶಾಸ್ತ್ರಜ್ಞರ ಲೆಕ್ಕ. ಬಂಡೆಗಳಲ್ಲಿರುವ ಕೆಲವು ಧಾತುಗಳು ತಪ್ಪದ ವೇಗದಲ್ಲಿ ಬೇರೆ ಧಾತುಗಳಾಗಿ ಮಾರ್ಪಡುವದನ್ನು ಅಳೆದು ಅವರು ಈ ಲೆಕ್ಕವನ್ನು ಮಾಡುತ್ತಾರೆ. ನಮ್ಮ ದೇಶದಲ್ಲಿಯೂ ಅವುಗಳ ಎಲುಬುಗಳು ಸಿಕ್ಕಿವೆ. ಗುಜರಾತಿನ ಕಚ್ಛ ಪ್ರಾಂತದ ಲೋಡಾಯಿ ಎಂಬ ಹಳ್ಳಿಯ ಬಳಿಯಲ್ಲಿ ದೊರೆತ, ಸುಮಾರು ಐದೂವರೆ ಮೀಟರ್ ಉದ್ದವಿದ್ದಿರಬಹುದಾದ ಇಕ್ತಿಯೋಸಾರಿನ ಅಸ್ಥಿಪಂಜರವನ್ನು ದಿಲ್ಲಿಯ ವಿಶ್ವವಿದ್ಯಾಲಯದ ಪ್ರಸಾದ್ ಎಂಬ ಪಂಡಿತರೂ ಅವರ ಜೊತೆಗಾರರೂ 2017ರಲ್ಲಿ ಲೋಕಕ್ಕೆ ತಿಳಿಸಿದರು.

ಹಾಗಾದರೆ ಖಜೂರಿಯಲ್ಲಿ ಯಾಕೆ ಇರಬಾರದು? ಇದಕ್ಕೆ ಉತ್ತರವು ನಮ್ಮ ಕಾಲ ಕೆಳಗೇ ಇದೆ. ಆಳಂದದ ಸೀಮೆಯ ಕರಿಯ ಬಂಡೆಯು ಬೆಂಕಿಯಿಂದ ಹುಟ್ಟಿದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯು ಬಿರಿದು, ಕರಗಿದ ಕಲ್ಲು ಪ್ರವಾಹವಾಗಿ ಹೊರಟು, ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ಈ ಉತ್ತರದ ತಾಲೂಕುಗಳನ್ನೂ ಮುಚ್ಚಿತು. ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಆ ಪ್ರವಾಹಗಳು ಒಂದರ ಮೇಲೊಂದು ಹರಿದು ಆರಿದವು. ನಮ್ಮ ಎರೆಮಣ್ಣು ಆ ಬಂಡೆಯೇ ಸವೆದು ಆದದ್ದು. ಕೆಂಡದಂತೆ ಹರಿದ ಕಲ್ಲಿನ ಹೊಟ್ಟೆಯೊಳಗೆ ಮೀನಾಗಲಿ ಮೃಗವಾಗಲಿ ಎಲುಬನ್ನು ಬಿಟ್ಟುಹೋಗಲಾರದು. ಆದರೆ ಆ ಕಲ್ಲು ಆರುವಾಗ ಅದರಲ್ಲಿ ಗುಳ್ಳೆಗಳೂ ಬಿರುಕುಗಳೂ ಉಳಿಯುತ್ತವೆ. ಬಿಸಿಯಾದ ನೀರು ಅವುಗಳೊಳಗೆ ಮೆಲ್ಲಗೆ ಇಳಿದು, ತಾನು ಕರಗಿಸಿಕೊಂಡು ತಂದದ್ದನ್ನು ಬಿಳಿಯ ಹರಳುಗಳಾಗಿ ಅಲ್ಲಿ ಬಿಡುತ್ತದೆ. ಇವುಗಳಿಗೆ ಜಿಯೋಲೈಟ್ ಎಂದು ಹೆಸರು. ಇವುಗಳಲ್ಲಿ ಕೆಲವು ಜಾತಿಗಳು ಸೂಜಿಗಳ ಕಟ್ಟಿನಂತೆ ಬೆಳೆಯುತ್ತವೆ. ಖಜೂರಿಯ ಸಹೋದರನ ಕಲ್ಲಿನಲ್ಲಿದ್ದದ್ದು ಇದೇ: ನಡುವಿನ ಗೆರೆಯು ಬಿರುಕು, ಪಕ್ಕದ ಎಳೆಗಳು ಹರಳುಗಳು.

ಇನ್ನು ಕೆಲವರು ಶಹಾಬಾದದ ಫರ್ಸಿಕಲ್ಲನ್ನು ತೋರಿಸಿ, ಅದು ಸಮುದ್ರದಲ್ಲಿ ಹುಟ್ಟಿದ ಸುಣ್ಣದ ಕಲ್ಲಲ್ಲವೋ ಎಂದು ಕೇಳಬಹುದು. ಹೌದು, ಸಮುದ್ರದ ತಳದ ಕೆಸರೇ ಅದು. ನಮ್ಮಲ್ಲಿ ಅನೇಕರು ದಿನಾಲು ಒಂದು ಹಳೆಯ ಸಮುದ್ರದ ಮೇಲೆಯೇ ಚಾಪೆ ಹಾಸಿ ಮಲಗುತ್ತೇವೆ! ಆದರೆ ಆ ಸಮುದ್ರವು ಎಷ್ಟು ಹಳೆಯದಂದರೆ, ಅದರ ಕಾಲದಲ್ಲಿ ಬೆನ್ನೆಲುಬುಳ್ಳ ಒಂದು ಪ್ರಾಣಿಯೂ ಲೋಕದಲ್ಲಿ ಇನ್ನೂ ಇರಲಿಲ್ಲ. ಹೀಗೆ ನಮ್ಮ ಸೀಮೆಯಲ್ಲಿ ಒಂದು ಬಂಡೆಯು ಆ ಮೃಗಗಳು ಹುಟ್ಟುವದಕ್ಕೆ ಬಹಳ ಮುಂಚಿನದು, ಇನ್ನೊಂದು ಬೆಂಕಿಯದು. ಸಮುದ್ರಮೃಗವು ಸಿಕ್ಕುವ ಮೇರೆಯೇ ಇಲ್ಲ.

ವಿದ್ಯೆಯ ಮಾತು ಇಷ್ಟು ಸಾಕು. ನಮ್ಮ ಪ್ರಶ್ನೆಯು ಬೇರೆ. ಒಳ್ಳೇ ಉದ್ದೇಶಕ್ಕಾಗಿ ಹೇಳಿದ ತಪ್ಪು ಮಾತು ಪಾಪವೋ?

ಈ ಪ್ರಶ್ನೆಯು ಖಜೂರಿಯಲ್ಲಿ ಮೊದಲು ಹುಟ್ಟಿದ್ದಲ್ಲ. ಸ್ವಿಟ್ಜರ್ಲೆಂಡ್ ದೇಶದ ಝೂರಿಕ್ ಪಟ್ಟಣದಲ್ಲಿ ಯೋಹಾನ್ ಯಾಕೋಬ್ ಶಾಯ್ಖ್ಸರ್ ಎಂಬ ವೈದ್ಯನಿದ್ದನು. ಆತನು ನಮ್ಮ ಹಾಗೆ ಪ್ರಾಟೆಸ್ಟಂಟನು, ಭಕ್ತಿವಂತನು, ಕಲ್ಲುಗಳನ್ನು ಕೂಡಿಸುವದರಲ್ಲಿ ಬಹು ಆಸಕ್ತನು. ಒಮ್ಮೆ ಆತನಿಗೆ ಕಲ್ಲಾಗಿದ್ದ ಎರಡು ಬೆನ್ನುಮಣಿಗಳು ಸಿಕ್ಕಿದವು. ಇವು ಜಲಪ್ರಲಯದಲ್ಲಿ ಮುಳುಗಿ ಸತ್ತ ಮನುಷ್ಯನವು ಎಂದು ಆತನು 1708ರಲ್ಲಿ ಪ್ರಕಟಿಸಿದನು. ಅವು ಮನುಷ್ಯನವಲ್ಲ, ಇಕ್ತಿಯೋಸಾರಿನವು ಎಂಬದು ಮುಂದೆ ತಿಳಿದು ಬಂತು. 1726ರಲ್ಲಿ ಆತನು ಇನ್ನೊಂದು ದೊಡ್ಡ ಕಲ್ಲನ್ನು ತೋರಿಸಿದನು. ಅದರಲ್ಲಿ ಅಗಲವಾದ ತಲೆ, ಕಣ್ಣಿನ ಗುಳಿಗಳು, ಬೆನ್ನೆಲುಬು ಕಾಣುತ್ತಿದ್ದವು. ಆತನು ಅದಕ್ಕೆ ಜಲಪ್ರಲಯವನ್ನು ಕಂಡ ಸಾಕ್ಷಿಯಾದ ಮನುಷ್ಯನೆಂದೇ ಹೆಸರಿಟ್ಟು, ಈ ಪಾಪಿಯನ್ನು ನೋಡಿ ಮಾನಸಾಂತರಪಡಿರೆಂದು ಜನರಿಗೆ ಎಚ್ಚರಿಕೆ ಕೊಟ್ಟನು. ಆ ಕಲ್ಲು ಕಡೆಗೆ ಹಾಲೆಂಡಿನ ಹಾರ್ಲೆಮ್ ಪಟ್ಟಣದ ವಸ್ತುಸಂಗ್ರಹಾಲಯವನ್ನು ಸೇರಿತು. 1811ರಲ್ಲಿ ಕ್ಯೂವಿಯೇ ಎಂಬ ಫ್ರೆಂಚ್ ಪಂಡಿತನು, ಈತನೂ ಪ್ರಾಟೆಸ್ಟಂಟನೇ, ಅಲ್ಲಿಗೆ ಬಂದು ಅಪ್ಪಣೆ ಪಡೆದು ಆ ಕಲ್ಲನ್ನು ಮೆಲ್ಲಗೆ ಕೆತ್ತಿದನು. ಒಳಗಿನಿಂದ ಮುಂಗಾಲುಗಳು ಹೊರಟವು. ಅವು ಮನುಷ್ಯನ ಕೈಗಳಾಗಿರಲಿಲ್ಲ. ಅದು ಸಾಲಮಾಂಡರ್ ಎಂಬ, ಕಪ್ಪೆಗೆ ದೂರದ ನಂಟಿನ, ಉದ್ದ ಬಾಲದ ಒಂದು ನೀರುಪ್ರಾಣಿ. ಪಂಡಿತರು ಆ ಪ್ರಾಣಿಗೆ ಶಾಯ್ಖ್ಸರನ ಹೆಸರನ್ನೇ ಇಟ್ಟರು. ಅದರಲ್ಲಿ ಸ್ವಲ್ಪ ಹಾಸ್ಯವೂ ಇದ್ದಿರಬಹುದು.

ಶಾಯ್ಖ್ಸರನು ಸುಳ್ಳುಗಾರನೋ? ನಾವು ಹಾಗೆ ಹೇಳಲಾರೆವು. ಆತನು ತನ್ನ ಕಣ್ಣಿಗೆ ಕಂಡದ್ದನ್ನು ಹೇಳಿದನು. ಆತನ ಕಾಲದಲ್ಲಿ ಆ ಪ್ರಾಣಿಯ ಎಲುಬನ್ನು ಬಲ್ಲವರು ಬಹು ವಿರಳ. ತಪ್ಪು ತಿಳಿಯುವದು ಬೇರೆ, ಸುಳ್ಳಾಡುವದು ಬೇರೆ. ಇದಕ್ಕೆ ಪ್ರತಿಯಾಗಿ ಅಮೆರಿಕಾ ದೇಶದಲ್ಲಿ ಆಲ್ಬರ್ಟ್ ಕಾಖ್ ಎಂಬವನು ಮಾಡಿದ್ದನ್ನು ನೋಡಿರಿ. ಅವನು ಅಗೆದ ಆನೆಯಂಥ ಮೃಗವೊಂದರ ಎಲುಬುಗಳಿಗೆ ಬೇರೆ ಎಲುಬುಗಳನ್ನು ಸೇರಿಸಿ ದೊಡ್ಡದು ಮಾಡಿ, ಇದು ಯೋಬನ ಗ್ರಂಥದ ಲಿವ್ಯಾತಾನ್ ಎಂದು ತೋರಿಸಿದನು. ಆಮೇಲೆ 1845ರಲ್ಲಿ ಪೂರ್ವಕಾಲದ ತಿಮಿಂಗಿಲಗಳ ಎಲುಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, 114 ಅಡಿ ಉದ್ದದ ಸಮುದ್ರಸರ್ಪವೆಂದು ನ್ಯೂಯಾರ್ಕಿನಲ್ಲಿ ಹಣ ತಕ್ಕೊಂಡು ಪ್ರದರ್ಶನ ಮಾಡಿದನು. ವೈಮನ್ ಎಂಬ ಪಂಡಿತನು ಬಂದು, ಈ ಎಲುಬುಗಳು ಒಂದೇ ಪ್ರಾಣಿಯವಲ್ಲವೆಂದೂ, ಹಲ್ಲುಗಳನ್ನು ನೋಡಿದರೆ ಇದು ಸರೀಸೃಪವೇ ಅಲ್ಲವೆಂದೂ ತೋರಿಸಿಕೊಟ್ಟನು. ಇಂಥವನ ವಿಷಯದಲ್ಲಿ ನಮಗೆ ತರ್ಕವೇ ಬೇಡ. ಸಂತೆಯಲ್ಲಿ ಕಳ್ಳತೂಕದ ಕಲ್ಲನ್ನು ಇಟ್ಟುಕೊಂಡವನನ್ನು ಜನರು ಏನನ್ನುವರೋ ಇವನನ್ನೂ ಅದನ್ನೇ ಅನ್ನಬೇಕು.

ಆದರೆ ತಪ್ಪು ತಿಳಿದವನು, ಸುಳ್ಳು ಹೇಳಿದವನು, ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಸುಳ್ಳು ಹೇಳುವದಿಲ್ಲ. ಆದರೆ ನಿಜವನ್ನು ವಿಚಾರಿಸುವದಕ್ಕೂ ಹೋಗುವದಿಲ್ಲ. ವಿಚಾರಿಸಿದರೆ ಎಲ್ಲಿ ತನಗೆ ಬೇಕಾದ ಮಾತು ಕೈತಪ್ಪುವದೋ ಎಂದು ಅವನಿಗೆ ಒಳಗೊಳಗೆ ಭಯ. ಖಜೂರಿಯ ಅಂಗಳದಲ್ಲಿ “ಇರಬಹುದು” ಅಂದ ನಾವು ಆ ಮೂರನೆಯವನು. ಉಪದೇಶಿಯವರು ತಿಳಿಯದೆ ಹೇಳಿದರು. ನಾವು ತಿಳಿದುಕೊಳ್ಳಬಾರದೆಂದು ಹೇಳಿದೆವು. ಯಾರ ಲೆಕ್ಕವು ಹೆಚ್ಚು ಭಾರವೆಂಬದು ವಾಚಕರಿಗೆ ತಿಳಿಯದೆ ಇರದು.

ಈ ಮೂರನೆಯವನ ವಂಶವು ಬಹು ದೊಡ್ಡದು. 1977ರಲ್ಲಿ ಝುಯಿಯೋ ಮಾರು ಎಂಬ ಜಪಾನೀ ಮೀನುಹಡಗು ನ್ಯೂಝೀಲೆಂಡಿನ ಬಳಿಯಲ್ಲಿ ಕೊಳೆತ ದೊಡ್ಡ ಹೆಣವೊಂದನ್ನು ಬಲೆಯಲ್ಲಿ ಎತ್ತಿತು. ಸುಮಾರು ಹತ್ತು ಮೀಟರ್ ಉದ್ದ, ಸಣ್ಣ ತಲೆ, ನೀಳವಾದ ಕೊರಳು. ಚಿತ್ರವನ್ನು ನೋಡಿದವರೆಲ್ಲರೂ ಪ್ಲೀಸಿಯೋಸಾರ್ ಇನ್ನೂ ಬದುಕಿದೆ ಎಂದು ಕೂಗಿದರು. ಹಡಗಿನವರು ಹೆಣವನ್ನು ಸಮುದ್ರಕ್ಕೆ ಬಿಟ್ಟರೂ ಅದರ ಕೆಲವು ಎಳೆಗಳನ್ನು ಇಟ್ಟುಕೊಂಡಿದ್ದರು. ಅವುಗಳನ್ನು ಪರೀಕ್ಷಿಸಿದಾಗ ಅವು ಶಾರ್ಕ್ ಮೀನಿನ ಎಳೆಗಳನ್ನೇ ಹೋಲಿದವು. ಬಾಸ್ಕಿಂಗ್ ಶಾರ್ಕ್ ಎಂಬ ದೊಡ್ಡ ಮೀನು ಕೊಳೆಯುವಾಗ ಮೊದಲು ದವಡೆಯೂ ಕಿವಿರುಗಳೂ ಕಳಚಿ ಬೀಳುವದರಿಂದ ಉಳಿದದ್ದು ನೀಳಕೊರಳಿನ ಮೃಗದಂತೆ ಕಾಣುತ್ತದೆ. ಇದು ತಿಳಿದು ಬಂದ ಮೇಲೆಯೂ ಎಷ್ಟೋ ವರ್ಷಗಳ ಪರಿಯಂತರ ಕ್ರೈಸ್ತ ಕರಪತ್ರಗಳಲ್ಲಿ ಆ ಚಿತ್ರವು ಅಚ್ಚಾಗುತ್ತಲೇ ಇತ್ತು. 2002ರಲ್ಲಿ ಕೆನಡಾದ ಚಿತ್ರಕಾರನೊಬ್ಬನು ಒಂದು ಚಿತ್ರಸ್ಪರ್ಧೆಗಾಗಿ ರಾಕ್ಷಸಗಾತ್ರದ ಮನುಷ್ಯನ ಅಸ್ಥಿಪಂಜರವನ್ನು ಕಂಪ್ಯೂಟರಿನಲ್ಲಿ ಜೋಡಿಸಿದನು. ಆ ಚಿತ್ರವು ಈಗಲೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ನಮ್ಮ ನೆರೆಯವರು ಅದನ್ನು ಘಟೋತ್ಕಚನೆಂದು ಕಳುಹಿಸುತ್ತಾರೆ, ನಮ್ಮವರು ಮೋಶೆಯ ಕಾಲದ ಅನಾಕ್ಯನೆಂದು ಕಳುಹಿಸುತ್ತಾರೆ. ಎಲುಬು ಒಂದೇ! ನೆರೆಯವನ ಕೈಯಲ್ಲಿ ಅದು ಸುಳ್ಳೆಂದು ನಮಗೆ ಕೂಡಲೇ ತಿಳಿಯುತ್ತದೆ.

ಇದಕ್ಕೆ ಒಬ್ಬ ಹಿರಿಯ ಸಹೋದರರು ನಮಗೆ ಕೊಟ್ಟ ಉತ್ತರವನ್ನು ಮರೆಮಾಡುವದಿಲ್ಲ. ಅವರು ಹೇಳಿದ್ದೇನಂದರೆ: “ನೀವು ಓದಿದವರು. ನಮ್ಮ ಹಳ್ಳಿಯ ವಿಶ್ವಾಸಿಗಳು ಬಲಹೀನರು. ಒಂದು ಕಲ್ಲಿನಿಂದ ಅವರ ನಂಬಿಕೆಯು ಗಟ್ಟಿಯಾಗುವದಾದರೆ ಆಗಲಿ. ಊರುಗೋಲನ್ನು ಕಿತ್ತುಕೊಂಡರೆ ಕುಂಟನು ಬೀಳುವನು.” ಇದು ಪ್ರೀತಿಯಿಂದ ಹುಟ್ಟಿದ ಮಾತು, ತಳ್ಳಿಬಿಡತಕ್ಕದ್ದಲ್ಲ. ಬಲಹೀನರನ್ನು ಎಡವಿಸಬೇಡಿರೆಂದು ಅಪೊಸ್ತಲನಾದ ಪೌಲನೂ ಬೋಧಿಸಿದ್ದಾನಷ್ಟೆ. ಆದರೆ ಹುಳ ಹತ್ತಿದ ಊರುಗೋಲನ್ನು ಕುಂಟನ ಕೈಯಲ್ಲಿ ಕೊಡುವದು ಯಾವ ಪ್ರೀತಿ? ಅದೇ ಕಲಬುರಗಿಯ ಹುಡುಗನು ನಾಳೆ ಇನ್ನೂ ಎರಡು ವರ್ಷ ಓದಿ ಕಲ್ಲಿನ ನಿಜವನ್ನು ತಿಳಿದು ಬಂದನೆಂದು ಎಣಿಸಿರಿ. ಆಗ ಅವನು ಉಪದೇಶಿಯವರು ಕಲ್ಲಿನ ವಿಷಯದಲ್ಲಿ ತಪ್ಪಿದರು ಎಂದು ಸುಮ್ಮನಾಗುವನೋ? ಖಾಲಿ ಸಮಾಧಿಯ ವಿಷಯದಲ್ಲಿ ಇವರು ಹೇಳಿದ್ದೂ ಇಂಥದೇ ಎಂದು ಹೇಳುವನು. ಕ್ರಿಸ್ತನು ಏಳದೆ ಇದ್ದರೆ ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾದೇವೆಂದು ಪೌಲನು ಕೊರಿಂಥದವರಿಗೆ ಬರೆಯುವಾಗ ನಡುಗಿದವನ ಹಾಗೆ ಬರೆಯುತ್ತಾನೆ. ದೇವರಿಗೆ ಅನುಕೂಲವಾದ ಸುಳ್ಳು ಎಂಬದು ಆತನಿಗೆ ಭಯಂಕರವಾದ ವಸ್ತುವಾಗಿತ್ತು. ತನ್ನ ಸುಳ್ಳಿನಿಂದ ದೇವರ ಸತ್ಯವು ಹೆಚ್ಚಿದರೆ ತಪ್ಪೇನೆಂಬ ವಾದವನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಆತನೇ ಎತ್ತಿ, ಆತನೇ ಅದನ್ನು ಖಂಡಿಸಿಬಿಟ್ಟಿದ್ದಾನೆ.

ಬಲಹೀನರೆಂಬ ಮಾತಿನ ವಿಷಯದಲ್ಲಿಯೂ ನಮಗೆ ಸ್ವಲ್ಪ ಹೇಳುವದಿದೆ. ನಮ್ಮ ಹಳ್ಳಿಯ ಜನರು ನಾವು ತಿಳಿದಷ್ಟು ಬಲಹೀನರಲ್ಲ. ಹೊಲದ ಬಾಂದುಕಲ್ಲನ್ನು ಒಂದು ಗೇಣು ಸರಿಸಿದರೂ ಅವರು ಗುರುತುಹಿಡಿಯುತ್ತಾರೆ. ಪಂಚರ ಮುಂದೆ ಕ್ರೈಸ್ತನ ಮಾತು ನಂಬತಕ್ಕದ್ದೋ ಅಲ್ಲವೋ ಎಂದು ಊರವರು ತಲೆಮಾರುಗಳಿಂದ ತೂಗಿ ನೋಡುತ್ತಾ ಬಂದಿದ್ದಾರೆ. ದಾರಿದ್ರ್ಯದಲ್ಲಿಯೂ ಮಾತಿಗೆ ತಪ್ಪದ ಅಜ್ಜಂದಿರಿಂದಲೇ ಎಷ್ಟೋ ಊರುಗಳಲ್ಲಿ ನಮ್ಮ ಸಭೆಗಳು ನಿಂತಿವೆ. ಅಂಥವರ ಮಕ್ಕಳಿಗೆ ಕಲ್ಲಿನ ವಿಷಯದಲ್ಲಿ ನಿಜವನ್ನು ಹೇಳಿದರೆ ತಾಳಲಾರರು ಎಂದೆಣಿಸುವದು ಅವರಿಗೆ ಅವಮಾನ.

ಆದಿಕಾಂಡದ ಆರು ದಿವಸಗಳನ್ನು ಹೇಗೆ ತಿಳಿದುಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ದಿವಸವೆಂದರೆ ನಮ್ಮ ದಿವಸವೇ ಅನ್ನುವವರಿದ್ದಾರೆ, ಅದು ಯುಗವೆನ್ನುವವರಿದ್ದಾರೆ, ಅದು ಕಾಲದ ಲೆಕ್ಕವೇ ಅಲ್ಲ, ಸೃಷ್ಟಿಕರ್ತನು ಯಾರೆಂಬದನ್ನು ತಿಳಿಸುವ ಸ್ತೋತ್ರವೆನ್ನುವವರೂ ಇದ್ದಾರೆ. ನಾವು ಈ ಮೂರನೆಯ ಪಕ್ಷದವರು. ಅದನ್ನು ಇಲ್ಲಿ ವಾದಿಸುವದಿಲ್ಲ. ಯಾವ ಪಕ್ಷವನ್ನು ಹಿಡಿದವನಿಗಾದರೂ, ಹರಳನ್ನು ಎಲುಬೆಂದು ಹೇಳುವ ಅಪ್ಪಣೆಯು ಸತ್ಯವೇದದಲ್ಲಿ ಎಲ್ಲಿಯೂ ಸಿಕ್ಕದು.

ಈಗ ಒಬ್ಬ ಬಡ ಹುಡುಗಿಯ ಸಂಗತಿಯನ್ನು ಕೇಳಿರಿ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಲೈಮ್ ರೀಜಿಸ್ ಎಂಬ ಸಣ್ಣ ಊರುಂಟು. ಅಲ್ಲಿ 1799ರಲ್ಲಿ ಮೇರಿ ಆನಿಂಗ್ ಎಂಬವಳು ಒಬ್ಬ ಬಡಗಿಯ ಮಗಳಾಗಿ ಹುಟ್ಟಿದಳು. ಆ ಮನೆಯವರು ರಾಜಸಭೆಯನ್ನು ಸೇರದೆ ಬೇರೆಯಾಗಿ ಕೂಡಿಬರುತ್ತಿದ್ದ ಸಣ್ಣ ಸ್ವತಂತ್ರ ಸಭೆಯವರು. ಆದಕಾರಣ ಬಡತನದ ಮೇಲೆ ತಿರಸ್ಕಾರವನ್ನೂ ಕಂಡವರು. ಅವಳು ಓದುಬರಹವನ್ನು ಕಲಿತದ್ದು ಸಂಡೇ ಸ್ಕೂಲಿನಲ್ಲಿ. ಆ ಮನೆಯಲ್ಲಿ ಅವರ ಪಂಥದ ಮಾಸಪತ್ರಿಕೆಯ ಒಂದು ಸಂಪುಟವಿತ್ತು. ಅದರಲ್ಲಿ ಅವರ ಪಾದ್ರಿಯವರಾದ ಜೇಮ್ಸ್ ವೀಟನ್ ಎರಡು ಲೇಖನಗಳನ್ನು ಬರೆದಿದ್ದರು: ಒಂದರಲ್ಲಿ ದೇವರು ಆರು ದಿವಸಗಳಲ್ಲಿಯೇ ಲೋಕವನ್ನುಂಟುಮಾಡಿದನೆಂದು ಸಾಧಿಸಿದ್ದರು, ಇನ್ನೊಂದರಲ್ಲಿ ಭೂಶಾಸ್ತ್ರವೆಂಬ ಹೊಸ ವಿದ್ಯೆಯನ್ನು ಎಲ್ಲರೂ ಕಲಿಯಬೇಕೆಂದು ಪ್ರೇರೇಪಿಸಿದ್ದರು. ಎರಡನ್ನೂ ಒಂದೇ ಕೈ ಬರೆಯಿತು. ಆ ಪಾದ್ರಿಯವರಿಗೆ ಭಯವಿರಲಿಲ್ಲವೆಂಬದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ.

1810ರಲ್ಲಿ ತಂದೆಯು ಸಾಲವನ್ನು ಬಿಟ್ಟು ಸತ್ತನು. ತಾಯಿಮಕ್ಕಳು ಸಮುದ್ರತೀರದ ಬಂಡೆಗಳಿಂದ ಉದುರುವ ಕಲ್ಲುಚಿಪ್ಪುಗಳನ್ನು ಆರಿಸಿ ಪ್ರಯಾಣಿಕರಿಗೆ ಮಾರಿ ಜೀವನಮಾಡಿದರು. 1811ರಲ್ಲಿ ಅಣ್ಣನಿಗೆ ದೊಡ್ಡ ತಲೆಬುರುಡೆ ಸಿಕ್ಕಿತು. ಮುಂದಿನ ವರ್ಷ ಮೇರಿಯು ಅದರ ಉಳಿದ ಮೈಯನ್ನು ಕಂಡುಹಿಡಿದಳು. ಅವಳಿಗೆ ಆಗ ಹನ್ನೆರಡು ಹದಿಮೂರು ವರ್ಷ. ಜನರು ಅದನ್ನು ಮೊಸಳೆಯೆಂದರು. ಅದು ಇಕ್ತಿಯೋಸಾರ್ ಆಗಿತ್ತು. 1823ರಲ್ಲಿ ಪ್ಲೀಸಿಯೋಸಾರಿನ ಸಂಪೂರ್ಣ ಅಸ್ಥಿಪಂಜರವನ್ನು ಮೊದಲು ಕಂಡವಳೂ ಅವಳೇ. ಅದರ ಚಿತ್ರವನ್ನು ನೋಡಿ, ಹಿಂದೆ ಹಾರ್ಲೆಮಿನ ಕಲ್ಲನ್ನು ಕೆತ್ತಿದ ಆ ಕ್ಯೂವಿಯೇ ಪಂಡಿತನು, ಇಷ್ಟು ಮಣಿಗಳುಳ್ಳ ಕೊರಳು ಇರಲಾರದು, ಎರಡು ಪ್ರಾಣಿಗಳ ಎಲುಬುಗಳನ್ನು ಜೋಡಿಸಿರಬೇಕು ಎಂದು ಸಂಶಯಪಟ್ಟನು. ಈ ಒಂದು ಮಾತು ನಿಂತುಬಿಟ್ಟಿದ್ದರೆ ಅವಳಿಂದ ಮುಂದೆ ಯಾರೂ ಕಲ್ಲನ್ನು ಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. 1824ರಲ್ಲಿ ಲಂಡನಿನ ಭೂಶಾಸ್ತ್ರ ಸಂಘದವರು ಅದನ್ನು ವಿಚಾರಿಸಿ ನಿಜವಾದದ್ದೆಂದು ಒಪ್ಪಿದರು. ಕ್ಯೂವಿಯೇ ತನ್ನದೇ ತಪ್ಪೆಂದು ಒಪ್ಪಿಕೊಂಡನು. ಅಲ್ಲಿ ಅದನ್ನು ವರ್ಣಿಸಿದ ಕಾನಿಬೇರ್ ಎಂಬ ಪಾದ್ರಿಯು ಆಕೆಯ ಹೆಸರನ್ನು ಎತ್ತಲಿಲ್ಲ. ಹೆಂಗಸರಿಗೆ ಆ ಸಂಘದ ಬಾಗಿಲೂ ತೆರೆದಿರಲಿಲ್ಲ. ಇದು ನ್ಯಾಯವಾಗಿತ್ತೆಂದು ನಾವು ಹೇಳುವದಿಲ್ಲ.

ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಕೊಳ್ಳುವವರು ಬಂದಾಗ ಜಲಪ್ರಲಯದ ಪಾಪಿಯೆಂದೋ ಲಿವ್ಯಾತಾನ್ ಎಂದೋ ಹೇಳಿದ್ದರೆ ಅವಳಿಗೆ ಇನ್ನೂ ಹೆಚ್ಚು ಹಣ ಸಿಕ್ಕುತ್ತಿದ್ದೀತು. ಅವಳು ಮಾಡಿದ್ದೇನು? ಸಮುದ್ರದ ಈಗಿನ ಮೀನುಗಳನ್ನು ತಂದು ಕೊಯ್ದು, ಅವುಗಳ ಎಲುಬುಗಳನ್ನು ಕಲ್ಲಿನ ಎಲುಬುಗಳಿಗೆ ಹೋಲಿಸಿ ನೋಡಿದಳು. 1833ರಲ್ಲಿ ಬಂಡೆಯು ಕುಸಿದು ಜೊತೆಯಲ್ಲಿದ್ದ ನಾಯಿಯು ಸತ್ತಾಗ ತಾನೂ ಕೂದಲೆಳೆಯಷ್ಟರಲ್ಲಿ ಪಾರಾದಳು. 1847ರಲ್ಲಿ ತೀರಿಕೊಂಡಳು. ಆ ಊರಿನ ದೇವಾಲಯದಲ್ಲಿ ಆಕೆಯ ನೆನಪಿಗಾಗಿ 1850ರಲ್ಲಿ ಬಣ್ಣದ ಗಾಜಿನ ಕಿಟಕಿಯನ್ನು ಇಟ್ಟರು. ಅದಕ್ಕೆ ಹಣ ಕೊಟ್ಟವರಲ್ಲಿ ಆ ಭೂಶಾಸ್ತ್ರ ಸಂಘದವರೂ ಇದ್ದರು.

ಅದು ದೂರದ ಮಾತಾಯಿತು. ನಮ್ಮ ಕರಿಯ ಬಂಡೆಯ ಮೇಲೆಯೇ ನಡೆದಾಡಿದ ಒಬ್ಬರನ್ನೂ ನೆನಸಬೇಕು. ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಮಿಷನೆರಿಗಳಾದ ಸ್ಟೀಫನ್ ಹಿಸ್ಲಾಪ್ ಅವರು 1845ರಲ್ಲಿ ನಾಗಪುರಕ್ಕೆ ಬಂದರು. ಶಾಲೆ, ಸುವಾರ್ತೆ, ಹಳ್ಳಿಗಳ ಸಂಚಾರ, ಇವುಗಳ ನಡುವೆ ಅವರೂ ಜೊತೆಗಾರರಾದ ರಾಬರ್ಟ್ ಹಂಟರ್ ಅವರೂ ಕಲ್ಲುಗಳನ್ನು ನೋಡುತ್ತಿದ್ದರು. ನಾಗಪುರದ ಹತ್ತಿರ ಟಾಕಳಿ ಎಂಬಲ್ಲಿ, ಎರಡು ಲಾವಾ ಪ್ರವಾಹಗಳ ನಡುವೆ ಸಿಕ್ಕಿದ ತೆಳ್ಳಗಿನ ಮಣ್ಣುಪದರದಲ್ಲಿ, ಅವರಿಗೆ ಶಂಖದ ಹುಳುಗಳ ಚಿಪ್ಪುಗಳೂ ಹಣ್ಣುಬೀಜಗಳೂ ಜೀರುಂಡೆಯ ರೆಕ್ಕೆಯ ಚಿಪ್ಪುಗಳೂ ಕಲ್ಲಾಗಿ ಸಿಕ್ಕಿದವು. ಗುಡ್ಡದ ಮೇಲೆ ಚಿಪ್ಪು! ಜಲಪ್ರಲಯವೆಂದು ಹೇಳುವದಕ್ಕೆ ಇದಕ್ಕಿಂತ ಸುಲಭವಾದ ಸಂದರ್ಭವು ಒಬ್ಬ ಮಿಷನೆರಿಗೆ ಎಲ್ಲಿ ಸಿಕ್ಕೀತು? ಅವರು ಚಿಪ್ಪುಗಳನ್ನು ಒಂದೊಂದಾಗಿ ನೋಡಿ, ಇವು ಸಿಹಿನೀರಿನ ಹುಳುಗಳು, ಇಲ್ಲಿ ಕೆರೆಯಿತ್ತು, ಕೆರೆಯ ಮೇಲೆ ಮತ್ತೆ ಬೆಂಕಿಯ ಪ್ರವಾಹವು ಹರಿಯಿತು ಎಂದು ಬರೆದರು. 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟದ ಹಳೆಯ ಕಲ್ಲುವೃತ್ತಗಳನ್ನು ನೋಡಿ ಹಿಂದಿರುಗುವಾಗ, ಮಳೆಯಿಂದ ತುಂಬಿದ ಹಳ್ಳದಲ್ಲಿ ಅವರು ಮುಳುಗಿ ತೀರಿಕೊಂಡರು. ನಾಗಪುರದ ಹಿಸ್ಲಾಪ್ ಕಾಲೇಜು ಅವರ ಹೆಸರಿನದೇ.

ನಮ್ಮ ಸೀಮೆಯಲ್ಲಿಯೂ ಅಂಥ ಕೆರೆಗಳಿದ್ದವು. ಗುರುಮಠಕಲ್ ಬಳಿಯಲ್ಲಿ ಲಾವಾ ಪ್ರವಾಹಗಳ ನಡುವಿನ ಪದರದೊಳಗೆ ಸಿಹಿನೀರಿನ ಚಿಪ್ಪುಗಳನ್ನೂ, ಕೆರೆಯ ಪಾಚಿಯ ಸಾಸಿವೆಯಂಥ ಸಣ್ಣ ಕಾಳುಗಳನ್ನೂ ಭೂಶಾಸ್ತ್ರಜ್ಞರು ಕಂಡಿದ್ದಾರೆ. ಎಲುಬು ಬೇಕೆನ್ನುವವರಿಗೂ ಕನ್ನಡನಾಡು ಬರಿಗೈಯಲ್ಲ: ಗೋಕಾಕದ ಸಮೀಪದಲ್ಲಿ ಸಿಕ್ಕಿದ ಖಡ್ಗಮೃಗದ ಎಲುಬುಗಳನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ವರ್ಣಿಸಿದರು.

ಫೆಬ್ರುವರಿಯಲ್ಲಿ ನಾವು ತಿರಿಗಿ ಖಜೂರಿಗೆ ಹೋದೆವು. ಪತ್ರ ಬರೆದರೆ ಸಾಕಾಗುತ್ತಿತ್ತು. ಆದರೆ ಅಂಗಳದಲ್ಲಿ ಹೇಳಿದ್ದನ್ನು ಅಂಗಳದಲ್ಲೇ ತಿದ್ದಬೇಕೆಂದು ತೋರಿತು. ಅದೇ ಸಹೋದರನು ಅದೇ ಗಂಟನ್ನು ಬಿಚ್ಚಿದನು. ಭೂತಗನ್ನಡಿಯನ್ನು ಕೈಗೆ ಕೊಟ್ಟು, ಸೂಜಿಗಳು ಗಾಜಿನಂತೆ ಹೊಳೆಯುವದನ್ನೂ, ಎಲುಬಿನಲ್ಲಿರಬೇಕಾದ ಸಣ್ಣ ತೂತುಗಳು ಎಲ್ಲಿಯೂ ಇಲ್ಲದಿರುವದನ್ನೂ ತೋರಿಸಿದೆವು. ಹೋದ ಸಾರಿ ನಮಗೆ ಸಂಶಯವಿದ್ದರೂ ಸುಮ್ಮನಿದ್ದೆವೆಂದು ಹೇಳಿ ಕ್ಷಮೆಯನ್ನು ಬೇಡಿದೆವು. ಉಪದೇಶಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ, “ನಾನು ಆಗಲೇ ಮೂರು ಊರಲ್ಲಿ ಹೇಳಿಬಿಟ್ಟೆನಲ್ಲಾ ಅಯ್ಯನವರೇ” ಅಂದರು. ಆ ಮೂರು ಊರಿಗೂ ಅವರು ತಾವೇ ಹೋಗಿ ಹೇಳಿಬಂದರೆಂದು ನಮಗೆ ತರುವಾಯ ತಿಳಿಯಿತು. ಕಲ್ಲಿನ ಒಡೆಯನು ಮಾತ್ರ, “ಹಾಗಾದರೆ ಇದು ಏನಕ್ಕೂ ಬಾರದ ಕಲ್ಲೋ?” ಎಂದು ಕೇಳಿದನು. ಬೆಂಕಿ ಹರಿದದ್ದು, ಆರಿದ್ದು, ನೀರು ಇಳಿದದ್ದು, ಕತ್ತಲೆಯಲ್ಲಿ ಹರಳು ಎಳೆಯೆಳೆಯಾಗಿ ಬೆಳೆದದ್ದು, ಎಲ್ಲವನ್ನೂ ಆತನಿಗೆ ವಿವರಿಸಿದೆವು. ಆತನು ಕಲ್ಲನ್ನು ಮತ್ತೊಮ್ಮೆ ಕನ್ನಡಿಯಲ್ಲಿ ನೋಡಿ, ಹೆಂಡತಿಯನ್ನು ಕೂಗಿ ಆಕೆಗೂ ತೋರಿಸಿದನು.

ಸುಗ್ಗಿಯ ಆರಾಧನೆಯ ದಿವಸ ಜೋಳದ ತೆನೆಗಳ ನಡುವೆ ಆ ಕಲ್ಲನ್ನೂ ಇಟ್ಟಿದ್ದರು. ಜಲಪ್ರಲಯದ ಮೃಗವನ್ನು ನೋಡಬೇಕೆಂದು ದೂರದಿಂದ ಬಂದ ಕೆಲವರು ನಿಜವನ್ನು ಕೇಳಿ ನಿರಾಶೆಯಿಂದ ಬೇಗನೆ ಎದ್ದುಹೋದರು. ಕಲಬುರಗಿಯ ಹುಡುಗನು ಹೋಗಲಿಲ್ಲ. ಗುರುಮಠಕಲ್ಲಿನ ಚಿಪ್ಪುಗಳು ಕೈಯಲ್ಲಿ ಆರಿಸುವ ಹಾಗೆ ಇವೆಯೋ, ಅವುಗಳನ್ನು ನೋಡುವದಕ್ಕೆ ಕನ್ನಡಿ ಎಂಥದು ಬೇಕು ಎಂದು ಅವನು ನಮ್ಮನ್ನು ಕೇಳಿದನು. ಮಳೆಗಾಲವು ತೀರಿದ ಮೇಲೆ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗುವದಾಗಿ ಮಾತುಕೊಟ್ಟಿದ್ದೇವೆ.